ಎಷ್ಟು ವರ್ಷಕ್ಕೆ ನಮ್ಮವರು? ಮುಲ್ಕಿ ನಿಯಮದಿಂದ ಗ್ರೀನ್ ಕಾರ್ಡಿನವರೆಗೆ

(ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನವೋ ದಾಸಸಾಹಿತ್ಯವೋ ಇರಲಿ ಎಂಬುದು ರೂಢಿ. ಗ್ರೀನ್ ಕಾರ್ಡಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಮಗನೋ ಸೊಸೆಯೋ ಅಳಿಯನೋ ಹೊರದೇಶದಲ್ಲಿ ವೀಸಾದ ಮೇಲೆ ಇಲ್ಲದ ಮನೆಯನ್ನು ಈ ಸಭೆಯಲ್ಲಿ ಹುಡುಕಬೇಕು. ಹಿಂದೆ ವರ ನೋಡಲು ಹೋದವರು ಹೊಲ ಎಷ್ಟು, ಪಗಾರ ಎಷ್ಟು ಎಂದು ವಿಚಾರಿಸುತ್ತಿದ್ದರು. ಈಗ ಹುಮನಾಬಾದಿನ ಬೀಗರೂ ‘ಹುಡುಗಂದು ಐ-140 ಆಗೇದೇನ್ರಿ?’ ಎಂದು ಕೇಳುತ್ತಾರೆ. ಐ-140 ಎಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ.

ನಾನು ಕೈಗೆತ್ತಿಕೊಂಡಿರುವ ಪ್ರಶ್ನೆ ಒಂದೇ. ಒಂದು ನಾಡು ಹೊರಗಿನ ಕುಶಲ ಕೆಲಸಗಾರರನ್ನು ‘ಸ್ವಲ್ಪ ಕಾಲ ಬನ್ನಿ, ಈ ಕೆಲಸ ಮಾಡಿಕೊಡಿ’ ಎಂದು ಕರೆಸಿಕೊಳ್ಳುತ್ತದೆ. ಅವರು ಬರುತ್ತಾರೆ, ಮನೆ ಹಿಡಿಯುತ್ತಾರೆ, ತೆರಿಗೆ ಕಟ್ಟುತ್ತಾರೆ, ಅಲ್ಲೇ ಮಕ್ಕಳಾಗುತ್ತವೆ. ಎಷ್ಟು ವರ್ಷ ಕಳೆದ ಮೇಲೆ ಅವರು ಆ ನಾಡಿನವರು? ಆ ಸಂಖ್ಯೆಯನ್ನು ಕಾನೂನು ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ವಾದ. ಐದೋ ಹತ್ತೋ ಹದಿನೈದೋ ಎಂಬುದನ್ನು ಕೂತು ಚರ್ಚಿಸಬಹುದು. ಸಂಖ್ಯೆಯನ್ನೇ ಹೇಳದೆ ವರ್ಷಗಳನ್ನು ನುಂಗುವ ಕಾನೂನನ್ನು ಒಪ್ಪಲಾಗದು.

ಅಮೆರಿಕದಿಂದ ಶುರು ಮಾಡೋಣ. ಹೊರದೇಶದ ಕುಶಲ ನೌಕರರಿಗೆ ಕೊಡುವ ಎಚ್-1ಬಿ ವೀಸಾಕ್ಕೆ ಇವತ್ತಿನ ರೂಪ ಕೊಟ್ಟದ್ದು 1990ರ ವಲಸೆ ಕಾಯ್ದೆ. ವರ್ಷಕ್ಕೆ 65 ಸಾವಿರ. ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಆಮೇಲೆ ಇನ್ನೂ 20 ಸಾವಿರ ಸೇರಿತು. ಮೊದಲು ಮೂರು ವರ್ಷ, ವಿಸ್ತರಿಸಿದರೆ ಇನ್ನು ಮೂರು, ಆರಕ್ಕೆ ಮುಕ್ತಾಯ. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ ಕೇಳುವವರು ವಾಪಸ್ ಬರುತ್ತೇವೆ ಎಂದು ಕಾನ್ಸುಲೇಟಿನ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಎಚ್-1ಬಿಯವರಿಗೆ ಆ ಷರತ್ತು ಇಲ್ಲ. ಇವರು ಅಲ್ಲೇ ನೆಲೆಸಲು ಬಯಸಬಹುದು ಎಂಬುದನ್ನು ಅಮೆರಿಕದ ಕಾನೂನು ಬಾಗಿಲಲ್ಲೇ ಒಪ್ಪಿಕೊಂಡಿದೆ.

ಅದೇ ಕಾಯ್ದೆ ನೌಕರಿಯ ಆಧಾರದ ಗ್ರೀನ್ ಕಾರ್ಡುಗಳನ್ನು, ಅಂದರೆ ಕಾಯಂ ವಾಸದ ಪರವಾನಗಿಗಳನ್ನು, ವರ್ಷಕ್ಕೆ 1 ಲಕ್ಷ 40 ಸಾವಿರ ಎಂದು ನಿಗದಿ ಮಾಡಿತು. ಹೆಂಡತಿ, ಗಂಡ, ಮಕ್ಕಳೆಲ್ಲ ಅದರಲ್ಲೇ ಸೇರಬೇಕು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದು. 140 ಕೋಟಿ ಜನರ ಭಾರತಕ್ಕೂ ಶೇ. 7, ನಾಲ್ಕು ಲಕ್ಷವೂ ಇಲ್ಲದ ಐಸ್‌ಲ್ಯಾಂಡಿಗೂ ಶೇ. 7. ಎಚ್-1ಬಿಗೆ ಈ ದೇಶವಾರು ಮಿತಿ ಇಲ್ಲ. ಹಾಗಾಗಿ ಅದರ ಅನುಮೋದನೆಗಳಲ್ಲಿ ಶೇ. 70ಕ್ಕೂ ಹೆಚ್ಚು ಭಾರತೀಯರ ಪಾಲಾಗುತ್ತವೆ. ನಮ್ಮ ಎಂಜಿನಿಯರುಗಳು ಹೆಚ್ಚಾಗಿ ನಿಲ್ಲುವ ಇಬಿ-2 ಎಂಬ ಸಾಲಿಗೆ ವರ್ಷಕ್ಕೆ ಸಿಗುವುದು ಸುಮಾರು 40 ಸಾವಿರ. ಅದರಲ್ಲಿ ಶೇ. 7 ಅಂದರೆ 2,800. ಬೇರೆಯವರು ಬಳಸದೆ ಬಿಟ್ಟದ್ದು ಉಂಟಾದರೆ ಒಂದಿಷ್ಟು ಹೆಚ್ಚುವರಿ. ಇಲ್ಲಿ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ಜಾಗವನ್ನು. ಸಂಗಾರೆಡ್ಡಿಯ ಹುಡುಗನ ಹೆಂಡತಿ ಕಠ್ಮಂಡುವಿನಲ್ಲಿ ಹುಟ್ಟಿದ್ದರೆ ಅವನು ನೇಪಾಳದ ಸಾಲಿಗೆ ಹೋಗಿ ನಿಲ್ಲಬಹುದು. ಬೀದರಿನಲ್ಲಿ ಹುಟ್ಟಿದ್ದರೆ ಇಬ್ಬರೂ ಇಲ್ಲೇ ಕಾಯಬೇಕು. ಜಾತಕ ನೋಡುವವರು ಇದನ್ನೂ ಒಂದು ಗುಣವಾಗಿ ಸೇರಿಸಿಕೊಳ್ಳಬಹುದೇನೋ.

ಪ್ರತಿ ತಿಂಗಳು ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಎಂಬ ಪ್ರಕಟಣೆ ಹೊರಡಿಸುತ್ತದೆ. ನೋಡಲು ರೈಲ್ವೆ ಟೈಂಟೇಬಲ್ಲಿನ ಹಾಗಿರುವ ಒಂದು ಕೋಷ್ಟಕ. ಎಡಗಡೆ ಇಬಿ-1, ಇಬಿ-2, ಇಬಿ-3. ಮೇಲುಗಡೆ ಚೀನಾ, ಭಾರತ, ಮೆಕ್ಸಿಕೊ, ಫಿಲಿಪ್ಪೀನ್ಸ್. ಭಾರತದ ಮನೆಯಲ್ಲಿ ಒಂದು ತಾರೀಖು ಇರುತ್ತದೆ. ಆ ತಾರೀಖಿಗಿಂತ ಮೊದಲು ಯಾರ ಅರ್ಜಿ ದಾಖಲಾಗಿದೆಯೋ ಅವರ ಸರದಿ ಬಂತು. 2022ರ ಸೆಪ್ಟೆಂಬರಿನಲ್ಲಿ ಇಬಿ-2 ಭಾರತದ ಮನೆಯಲ್ಲಿ 2014ರ ಡಿಸೆಂಬರ್ 1 ಎಂದಿತ್ತು. ಕೋವಿಡ್ ಕಾಲದಲ್ಲಿ ಕುಟುಂಬ ವಲಸೆಯಿಂದ ಉಳಿದ ಸಂಖ್ಯೆಗಳು ಈ ಕಡೆಗೆ ಹರಿದುಬಂದದ್ದರಿಂದ ತಾರೀಖು ಹಾಗೆ ಓಡಿತ್ತು. ಆ ಹರಿವು ನಿಂತಿತು. ಅಕ್ಟೋಬರಿನಲ್ಲಿ ಅದು 2012ರ ಏಪ್ರಿಲ್‌ಗೆ, ಡಿಸೆಂಬರಿನಲ್ಲಿ 2011ರ ಅಕ್ಟೋಬರ್ 8ಕ್ಕೆ ಹಿಂದೆ ಸರಿಯಿತು. ಮೂರು ತಿಂಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಹಿನ್ನಡೆ. 2025ರ ಮಧ್ಯಕ್ಕೆ ಬಂದರೂ ಅದು 2013ರ ಜನವರಿ 1ನ್ನು ದಾಟಿರಲಿಲ್ಲ. 2013ರ ಆ ಜನವರಿಯಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪ್ರಾಥಮಿಕ ಶಾಲೆ ಮುಗಿಸುತ್ತಿರುತ್ತದೆ. ಹೊಸದಾಗಿ ಸಾಲಿಗೆ ಸೇರುವವರ ಕಾಯುವಿಕೆ ನೂರು ವರ್ಷ ಮೀರುತ್ತದೆ ಎಂದು ವಾಷಿಂಗ್ಟನ್ನಿನ ಕೇಟೊ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತು. ಅಂದರೆ ಸರದಿ ಬರುವ ಮೊದಲು ಮನುಷ್ಯ ಹೋಗಿರುತ್ತಾನೆ.

ಆರು ವರ್ಷದ ವೀಸಾದ ಮೇಲೆ ಹದಿನೈದು ವರ್ಷ ಹೇಗೆ ಇರುತ್ತಾರೆ ಎಂದು ಕೇಳಬಹುದು. 2000ದಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ರಿಯಾಯಿತಿ ಕೊಟ್ಟಿತು: ಐ-140 ಮಂಜೂರಾಗಿ ಸರದಿ ಮಾತ್ರ ಬಾಕಿ ಇರುವವರಿಗೆ ಮೂರು ಮೂರು ವರ್ಷ ವಿಸ್ತರಿಸುತ್ತಾ ಹೋಗಬಹುದು. ಉಪಕಾರಕ್ಕೆಂದು ಮಾಡಿದ ತಿದ್ದುಪಡಿ. ಅದರ ಫಲವಾಗಿ ‘ತಾತ್ಕಾಲಿಕ’ ಎಂಬ ಹಣೆಪಟ್ಟಿ ಹೊತ್ತವರು ಅಲ್ಲಿಯೇ ತಲೆ ನರೆಸಿಕೊಳ್ಳುವಂತಾಯಿತು. ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಸಿಗದಿದ್ದರೆ ಮನೆ, ಕಾರು, ಮಕ್ಕಳ ಶಾಲೆ ಎಲ್ಲ ಬಿಟ್ಟು ವಿಮಾನ ಹತ್ತಬೇಕು. ಹೆಂಡತಿಯದು ಅವಲಂಬಿತರ ಎಚ್-4 ವೀಸಾ. ಆಕೆ ಡಾಕ್ಟರಾದರೂ ಎಂಜಿನಿಯರಾದರೂ 2015ರವರೆಗೆ ದುಡಿಯುವ ಅನುಮತಿ ಇರಲಿಲ್ಲ. ಈಗಲೂ ಗಂಡನ ಐ-140 ಆದ ಮೇಲಷ್ಟೇ. ನಾಲ್ಕು ವರ್ಷದವರಾಗಿ ಅಲ್ಲಿಗೆ ಹೋದ ಮಕ್ಕಳು 21 ತುಂಬಿದ ದಿನ ತಂದೆಯ ಅರ್ಜಿಯಿಂದ ಕಳಚಿಬೀಳುತ್ತಾರೆ. ಕನ್ನಡವೋ ತೆಲುಗೋ ಅರ್ಧಂಬರ್ಧ ಬರುವ ಆ ಮಗು, ತಾನು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿಯಾಗಿ ಹೊಸ ವೀಸಾ ಕೇಳಬೇಕು.

2017ರ ಫೆಬ್ರುವರಿಯಲ್ಲಿ ಕ್ಯಾನ್ಸಾಸ್ ರಾಜ್ಯದ ಓಲೇತ್ ಎಂಬಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಜನಾಂಗದ್ವೇಷದ ಗುಂಡಿಗೆ ಬಲಿಯಾದದ್ದು ನಿಮಗೆಲ್ಲ ನೆನಪಿರಬೇಕು. ಅವರ ಸಾವಿನೊಂದಿಗೆ ಹೆಂಡತಿಗೆ ಅಮೆರಿಕದಲ್ಲಿ ಇರುವ ಹಕ್ಕೂ ಹೋಗಿತ್ತು. ಅಂತ್ಯಕ್ರಿಯೆಗೆ ಹೈದರಾಬಾದಿಗೆ ಬಂದ ಆಕೆ ಮತ್ತೆ ಅಲ್ಲಿಗೆ ಹೋಗಲು ಅಲ್ಲಿನ ಜನಪ್ರತಿನಿಧಿಯೊಬ್ಬರು ನೆರವಾಗಬೇಕಾಯಿತು.

ಈ ಕಾನೂನನ್ನು ಸರಿಪಡಿಸುವ ಪ್ರಯತ್ನ ಆಗಿಲ್ಲವೆಂದಲ್ಲ. ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65ರಿಂದ ಪಾಸಾಯಿತು. ಸೆನೆಟ್ 2020ರ ಡಿಸೆಂಬರಿನಲ್ಲಿ ತನ್ನದೇ ರೂಪದಲ್ಲಿ ಪಾಸು ಮಾಡಿತು. ಎರಡನ್ನೂ ಹೊಂದಿಸುವುದರೊಳಗೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಂದದ್ದು ತದ್ವಿರುದ್ಧವಾದ ಆದೇಶ: ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್.

ಅಮೆರಿಕದವರ ದೂರನ್ನೂ ಕೇಳಬೇಕು. ಈ ವೀಸಾದಿಂದ ಕಂಪನಿಗಳು ಅಗ್ಗದ ಕೈಗಳನ್ನು ತಂದು ನಮ್ಮವರನ್ನು ಮನೆಗೆ ಕಳಿಸುತ್ತವೆ ಎನ್ನುತ್ತಾರೆ. ಹಾಗೆ ಆದದ್ದುಂಟು. ನಮ್ಮ ಹೈದರಾಬಾದಿನ ಅಮೀರ್‌ಪೇಟೆಯ ಗಲ್ಲಿಗಳಲ್ಲಿ ಆರು ವಾರದ ಕೋರ್ಸು ಮುಗಿಸಿದವರ ಕೈಗೆ ಆರು ವರ್ಷದ ಅನುಭವದ ಬಯೋಡೇಟಾ ಬಂದದ್ದೂ ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಕೆಲಸಗಾರ ಅಗ್ಗವಾಗುವುದು ಯಾಕೆ? ಒಡೆಯನನ್ನು ಬಿಟ್ಟರೆ ವಾಸದ ಹಕ್ಕು, ಸಾಲಿನಲ್ಲಿ ಹಿಡಿದ ಜಾಗ ಎರಡಕ್ಕೂ ಸಂಚಕಾರ ಎಂಬ ಭಯದಿಂದ. ಐದು ವರ್ಷಕ್ಕೆ ಕಾಯಂ ವಾಸ (ಪಿ.ಆರ್.) ಖಾತ್ರಿ ಎಂದಾದರೆ ಅವರೂ ಹೆಚ್ಚು ಸಂಬಳ ಕೇಳುತ್ತಾರೆ, ಬೇಡವಾದ ಕಂಪನಿ ಬಿಡುತ್ತಾರೆ, ಅಮೆರಿಕದ ಕೆಲಸಗಾರನ ಹೊಟ್ಟೆಯ ಮೇಲೂ ಹೊಡೆತ ಬೀಳುವುದಿಲ್ಲ.

ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬುದು ಆಯಾ ದೇಶದ ಇಷ್ಟ. ಒಳಗೆ ಬಿಟ್ಟವರ ದುಡಿಮೆಯನ್ನು ವರ್ಷಗಟ್ಟಲೆ ಪಡೆದು, ಹೊರಗಿನವರಾಗಿಯೇ ಇಡುವುದು ಸಲ್ಲದು ಎಂದು ಅಮೆರಿಕದ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲೇ ವಾದಿಸಿದ್ದರು. ಕೆನಡಾದ ಜೋಸೆಫ್ ಕ್ಯಾರೆನ್ಸ್ ಬದುಕಿದ ಕಾಲವೇ ಹಕ್ಕನ್ನು ಬೆಳೆಸುತ್ತದೆ ಎನ್ನುತ್ತಾರೆ. ನಾನು ಇವರ ಪಕ್ಷ.

ಬೇರೆ ದೇಶಗಳ ಮಾತು ಬೇಗ ಮುಗಿಸುತ್ತೇನೆ. ಕೆನಡಾ 1967ರಿಂದ ಅಂಕಗಳ ಪದ್ಧತಿ ಇಟ್ಟುಕೊಂಡಿದೆ. ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಹಾಕಿ ಪಿ.ಆರ್. ಕೊಡುತ್ತದೆ. 2023ರ ಜುಲೈನಲ್ಲಿ ಅಮೆರಿಕದ ಎಚ್-1ಬಿಯವರಿಗೆಂದೇ 10 ಸಾವಿರ ಪರವಾನಗಿ ತೆರೆದಾಗ ಎರಡು ದಿನ ತುಂಬುವ ಮೊದಲೇ ಎಲ್ಲ ಮುಗಿದವು. ಜರ್ಮನಿ 2000ದಲ್ಲಿ 20 ಸಾವಿರ ಐ.ಟಿ. ತಜ್ಞರಿಗೆ ‘ಗ್ರೀನ್ ಕಾರ್ಡ್’ ಎಂದು ಕರೆದು ಐದೇ ವರ್ಷದ ಪರವಾನಗಿ ಕೊಟ್ಟಿತು. ಆ ಸಂಖ್ಯೆ ತುಂಬಲಿಲ್ಲ. ಈಗ ಬ್ಲೂ ಕಾರ್ಡ್ ಎಂಬ ಕುಶಲರ ಪರವಾನಗಿ ಪಡೆದವರಿಗೆ 27 ತಿಂಗಳಲ್ಲಿ, ಜರ್ಮನ್ ಭಾಷೆ ಚೆನ್ನಾಗಿ ಬಂದರೆ 21 ತಿಂಗಳಲ್ಲಿ ಕಾಯಂ ವಾಸ ಸಿಗುತ್ತದೆ. ಬ್ರಿಟನ್ 2006ರಲ್ಲಿ ಕಾಯಂ ವಾಸಕ್ಕೆ ಬೇಕಾದ ನಾಲ್ಕು ವರ್ಷವನ್ನು ಐದು ಮಾಡಿತು; 2025ರ ಮೇ ತಿಂಗಳಲ್ಲಿ ಹತ್ತು ಮಾಡುವ ಪ್ರಸ್ತಾವ ಮುಂದಿಟ್ಟಿತು. ಹತ್ತು ಹೆಚ್ಚಾಯಿತು, ಆದರೂ ಅದೊಂದು ಸಂಖ್ಯೆ. ಕೊಲ್ಲಿ ದೇಶಗಳಲ್ಲಿ ಸಾಮಾನ್ಯ ನೌಕರನಿಗೆ ಅದೂ ಇಲ್ಲ. ನಿಜಾಮಾಬಾದ್, ಕರೀಂನಗರದ ಮೇಸ್ತ್ರಿ ಮೂವತ್ತು ವರ್ಷ ದುಬೈ ಕಟ್ಟಿದರೂ ಕೆಲಸ ನಿಂತ ದಿನ ಊರಿಗೆ.

ಈಗ ನಮ್ಮ ಊರಿಗೇ ಬರುತ್ತೇನೆ. ಈ ಪ್ರಶ್ನೆಗೆ ಹೈದರಾಬಾದ್ ಸಂಸ್ಥಾನ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಬರೆದಿಟ್ಟಿತ್ತು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ ಆಡಳಿತವನ್ನು ಹೊಸದು ಮಾಡಲು ಉತ್ತರ ಭಾರತದಿಂದ ಓದಿದವರನ್ನು ಕರೆಸಿದರು. ಲಖನೌದಿಂದ ಸೈಯದ್ ಹುಸೇನ್ ಬಿಲ್‌ಗ್ರಾಮಿ, ಇಟಾವಾದ ಮೊಹ್ಸಿನ್-ಉಲ್-ಮುಲ್ಕ್, ಹೀಗೆ ದೊಡ್ಡ ಪಟ್ಟಿಯೇ ಇದೆ. ಅಂದಿನ ಲೆಕ್ಕದಲ್ಲಿ ಇವರು ಹೊರರಾಜ್ಯದ ನುರಿತ ತಾತ್ಕಾಲಿಕ ನೌಕರರು. ಅವರ ಹಿಂದೆ ತಮ್ಮಂದಿರು, ಭಾವಮೈದುನರು ಬಂದರು. ಸ್ಥಳೀಯರು ಸಿಡಿದೆದ್ದರು. ಮುಲ್ಕಿ (ನಾಡಿನವನು), ಗೈರ್‌ಮುಲ್ಕಿ (ಹೊರಗಿನವನು) ಎಂಬ ಜಗಳ ಅಲ್ಲಿಂದ ಬೆಳೆಯಿತು.

1919ರಲ್ಲಿ ಏಳನೆಯ ನಿಜಾಮರ ಫರ್ಮಾನಿನಿಂದ ಜಾರಿಯಾದ ಮುಲ್ಕಿ ನಿಯಮಗಳನ್ನು ನೀವೊಮ್ಮೆ ಓದಬೇಕು. ಸಂಸ್ಥಾನದ ನೌಕರಿ ಮುಲ್ಕಿಗಳಿಗೆ. ಯಾರು ಮುಲ್ಕಿ? ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು. ಅಥವಾ ಕನಿಷ್ಠ 15 ವರ್ಷ ಇಲ್ಲಿ ಕಾಯಂ ವಾಸ ಮಾಡಿ, ಹಿಂದಿನ ಊರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಕೊಟ್ಟವನು. ಅಥವಾ ತಾನು ಹುಟ್ಟುವಾಗ ತಂದೆ 15 ವರ್ಷದ ಸರ್ಕಾರಿ ಸೇವೆ ಮುಗಿಸಿದ್ದವನು. ಮುಲ್ಕಿಯ ಹೆಂಡತಿ ತಾನೂ ಮುಲ್ಕಿ. ನಿಜಾಮರ ಆಡಳಿತವನ್ನು ಹೊಗಳಲು ನಾನು ಇಲ್ಲಿಗೆ ಬಂದಿಲ್ಲ. ಕಲಬುರಗಿಯವನಾದ ನನಗೆ ಆ ಕಾಲದ ಬೇರೆ ನೆನಪುಗಳು ಸಾಕಷ್ಟಿವೆ. ಅದೇ 1919ರಲ್ಲಿ ಹೊಸ ಕಾರ್ಯಾಂಗ ಮಂಡಳಿಯ ಅಧ್ಯಕ್ಷರಾಗಿ ಕೂತವರು ಬಿಹಾರದ ಸರ್ ಅಲಿ ಇಮಾಂ ಎಂಬ ವಿಪರ್ಯಾಸವೂ ಇದೆ. ಆದರೂ ಆ ನಿಯಮದಲ್ಲಿ ಒಂದು ಅಂಕಿ ಇತ್ತು. ಲಖನೌದವನು ಬಂದ ದಿನವೇ ಲೆಕ್ಕ ಹಾಕಬಹುದಿತ್ತು: ಇಷ್ಟನೇ ಇಸವಿಗೆ ನಾನು ಇಲ್ಲಿಯವನು. ಇವತ್ತು ಡಲ್ಲಾಸಿನಲ್ಲಿರುವ ನಮ್ಮ ಹುಡುಗನಿಗೆ ಆ ಲೆಕ್ಕ ಹಾಕಲು ಬರುವುದಿಲ್ಲ.

ಎಲ್ಲ ಕುಶಲರೂ ನೆಲೆಸಲು ಬರುವುದಿಲ್ಲ ಎಂಬುದನ್ನೂ ಹೇಳಬೇಕು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿದಾಗ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಮೂಸಿ, ಈಸಿ ಎರಡಕ್ಕೂ ಜಲಾಶಯ ಕಟ್ಟಿ ಎಂದು ಯೋಜನೆ ಹಾಕಿಕೊಟ್ಟು ಅವರು 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೋದರು. ಆ ಯೋಜನೆಯ ಫಲವಾದ ಉಸ್ಮಾನ್ ಸಾಗರದ ದಂಡೆಯಲ್ಲೇ ಈಗ ಚಿಲ್ಕೂರಿನ ಬಾಲಾಜಿ ಇದ್ದಾನೆ. ಜನರ ಬಾಯಲ್ಲಿ ‘ವೀಸಾ ಬಾಲಾಜಿ’. ಹರಕೆಗೆ 11 ಸುತ್ತು, ವೀಸಾ ಬಂದರೆ 108. ಹುಂಡಿ ಇಲ್ಲ. 108 ಮನೆಗಳಿರುವ ಒಂದು ಚೀಟಿ ಹಿಡಿದು, ಸುತ್ತಿಗೊಂದರಂತೆ ಪೆನ್ನಿನಲ್ಲಿ ಗೀಟು ಹಾಕುತ್ತ ಹುಡುಗರು ಬರಿಗಾಲಲ್ಲಿ ದಡದಡನೆ ನಡೆಯುತ್ತಾರೆ. ದೇವರು ಕೂಡ ಇಷ್ಟು ಸುತ್ತು ಎಂದು ಖಚಿತವಾಗಿ ಹೇಳಿದ್ದಾನೆ, ಅದನ್ನಾದರೂ ಗಮನಿಸಿ.

ಮುಲ್ಕಿ ಪ್ರಶ್ನೆ ಸಂಸ್ಥಾನದೊಂದಿಗೆ ಮುಗಿಯಲಿಲ್ಲ. 1952ರಲ್ಲಿ ‘ಗೈರ್‌ಮುಲ್ಕಿ ಗೋ ಬ್ಯಾಕ್’ ಚಳವಳಿ, ಪೊಲೀಸ್ ಗೋಲಿಬಾರು, ವಿದ್ಯಾರ್ಥಿಗಳ ಸಾವು. 1969ರಲ್ಲಿ ಮತ್ತೆ ಚಳವಳಿ. 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮ ಇನ್ನೂ ಊರ್ಜಿತ ಎಂದಿತು. ಅದನ್ನು ವಿರೋಧಿಸಿ ಕರಾವಳಿ ಆಂಧ್ರ ಹೊತ್ತಿಕೊಂಡಿತು. 1973ರ 32ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ, ನೌಕರಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಪಾಲು ಕಾದಿಡುವ 371-ಡಿ ವಿಧಿ ಬಂತು. ಅದೇ ಸಂಸ್ಥಾನದ ಭಾಗವಾಗಿದ್ದ ನಮ್ಮ ಕಲ್ಯಾಣ ಕರ್ನಾಟಕ ಇನ್ನೂ ನಲವತ್ತು ವರ್ಷ ಕಾಯ್ದು, 98ನೇ ತಿದ್ದುಪಡಿಯಲ್ಲಿ ಅಂಥದ್ದೇ 371-ಜೆ ಪಡೆಯಿತು. ಹಿಂದುಳಿದ ನಾಡು ತನ್ನ ಮಕ್ಕಳಿಗೆ ನೌಕರಿ ಕಾದಿಡುವುದು ತಪ್ಪೆಂದು ನಾನು ಹೇಳಲಾರೆ. 371-ಜೆ ಇಲ್ಲದಿದ್ದರೆ ಯಾದಗಿರಿಯ ಹುಡುಗಿಗೆ ಬೆಂಗಳೂರಿನವರೊಡನೆ ಪೈಪೋಟಿ ಮಾಡಿ ಮೆಡಿಕಲ್ ಸೀಟು ಸಿಗುವುದು ಕಷ್ಟವಿತ್ತು.

ಆದರೆ 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದ ಸ್ಥಳೀಯರ ಉದ್ಯೋಗ ಮಸೂದೆಯನ್ನು ನೋಡಿ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಸ್ಥಳೀಯ ಎನಿಸಿಕೊಳ್ಳಲು ಕರ್ನಾಟಕದಲ್ಲಿ ಹುಟ್ಟಿರಬೇಕು, ಜತೆಗೆ 15 ವರ್ಷ ನೆಲೆಸಿರಬೇಕು, ಜತೆಗೆ ಕನ್ನಡ ಓದಿ ಬರೆಯಲು ಬರಬೇಕು. ನಿಜಾಮರು ಹುಟ್ಟದವನಿಗೂ 15 ವರ್ಷದ ದಾರಿ ಇಟ್ಟಿದ್ದರು. ಬೆಂಗಳೂರಿನ ಮಸೂದೆ ಆ ದಾರಿಯನ್ನು ಮುಚ್ಚಿತ್ತು. ಪಟಾನ್‌ಚೆರುವಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೇ ಆಡುವ ನಿಮ್ಮ ಮಗಳು ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದರೂ ಆ ಮಸೂದೆಯ ಪ್ರಕಾರ ಹೊರಗಿನವಳೇ. ಉದ್ಯಮಗಳ ವಿರೋಧಕ್ಕೆ ಮಣಿದು ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ತಡೆದದ್ದು ಕಂಪನಿಗಳ ಭಯ. ಈ ಲೋಪವನ್ನು ಎತ್ತಿ ಹೇಳಿದ ದನಿಗಳು ಕಡಿಮೆ.

ಇನ್ನು ನಮ್ಮ ದೇಶಕ್ಕೆ ದುಡಿಯಲು ಬಂದ ವಿದೇಶಿಯರಿಗೆ ನಾವೇನು ಕೊಡುತ್ತೇವೆ? ಉದಾಹರಣೆ ಇಲ್ಲೇ, ಹೆದ್ದಾರಿಯ ಪಕ್ಕದಲ್ಲೇ ಇದೆ. 1972ರಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಲ್ಲಿ ಶುರುವಾದಾಗಿನಿಂದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳ ಮೇಲೆ ಕೆಲಸ ಮಾಡಲು ಹಲವು ದೇಶಗಳ ವಿಜ್ಞಾನಿಗಳು ಬಂದಿದ್ದಾರೆ. ಅಲ್ಲಿನ ಬೀಜಭಂಡಾರದಲ್ಲಿ 1 ಲಕ್ಷ 20 ಸಾವಿರಕ್ಕೂ ಹೆಚ್ಚು ತಳಿಗಳಿವೆ. ಪ್ರತಿ ತಳಿ ಎಲ್ಲಿಂದ ಬಂತೆಂಬ ದಾಖಲೆಗೆ ‘ಪಾಸ್‌ಪೋರ್ಟ್ ಡೇಟಾ’ ಎಂದೇ ಹೆಸರು. ಇಥಿಯೋಪಿಯಾದ ಜೋಳಕ್ಕೆ ಪಟಾನ್‌ಚೆರುವಿನಲ್ಲಿ ಕಾಯಂ ವಾಸ ಸಿಕ್ಕಿದೆ. ಜೋಳದ ಮೇಲೆ ದುಡಿದ ವಿಜ್ಞಾನಿ ನೌಕರಿ ಮುಗಿದ ಮೇಲೂ ಇಲ್ಲೇ ಉಳಿಯಬೇಕೆಂದರೆ ಅವರ ದುಡಿಮೆಯ ವರ್ಷಗಳನ್ನು ಎಣಿಸಿ ಪಿ.ಆರ್. ಕೊಡುವ ಕಲಮು ನಮ್ಮಲ್ಲಿಲ್ಲ.

ನಮ್ಮ ನಿಯಮ ಹೀಗಿದೆ. ವಿದೇಶಿಯರಿಗೆ ಉದ್ಯೋಗ ವೀಸಾ ಬೇಕಾದರೆ ಕೆಲವು ವಿನಾಯಿತಿಗಳನ್ನು ಬಿಟ್ಟು ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕು. ಭಾರತೀಯ ಮೂಲದವರಿಗೆ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡು ಉಂಟು; ಅದಕ್ಕೆ ರಕ್ತಸಂಬಂಧವೋ ಮದುವೆಯೋ ಬೇಕು. 2016ರಲ್ಲಿ ಕೇಂದ್ರ ಸರ್ಕಾರ ಕಾಯಂ ನಿವಾಸಿ ಸ್ಥಾನವೊಂದನ್ನು ಘೋಷಿಸಿತು: 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡಿ, 20 ಭಾರತೀಯರಿಗೆ ಕೆಲಸ ಕೊಟ್ಟವರಿಗೆ ಹತ್ತು ವರ್ಷದ ವಾಸ. ರಕ್ತಕ್ಕೆ ದಾರಿ ಇದೆ, ರೊಕ್ಕಕ್ಕೆ ದಾರಿ ಇದೆ, ದುಡಿಮೆಗೆ ಇಲ್ಲ. ಉಳಿದದ್ದು 1955ರ ಪೌರತ್ವ ಕಾಯ್ದೆಯ ದೇಶೀಕರಣ: ಕೊನೆಯ 12 ತಿಂಗಳು ಸತತ ವಾಸ, ಅದರ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ. ಅದಕ್ಕೆ ತನ್ನ ದೇಶದ ಪೌರತ್ವವನ್ನೇ ಬಿಡಬೇಕು, ಮಂಜೂರಾತಿ ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಜೀವವಿಜ್ಞಾನಿ ಹಾಲ್ಡೇನ್ 1961ರಲ್ಲಿ ಭಾರತೀಯರಾದರು. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ 1979ರಿಂದ ಇಲ್ಲಿದ್ದು 2002ರಲ್ಲಿ ಪೌರರಾದರು. ಅವರಂಥ ಹೆಸರಿಲ್ಲದ ಒಬ್ಬ ನರ್ಸ್, ಒಬ್ಬ ಬೀಜತಂತ್ರಜ್ಞ ಏನು ಮಾಡಬೇಕು?

1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದರು. ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ನೋಂದಣಿ, ತಪಾಸಣೆ, ದಂಡ, ಶಿಕ್ಷೆಗಳ ಬಗ್ಗೆ ಅದರಲ್ಲಿ ವಿವರವಾಗಿ ಬರೆದಿದ್ದಾರೆ. ಇಷ್ಟು ವರ್ಷ ನ್ಯಾಯವಾಗಿ ದುಡಿದವರು ಕಾಯಂ ಆಗಿ ಉಳಿಯಬಹುದು ಎಂಬ ಒಂದು ಸಾಲನ್ನು ಸೇರಿಸಲು ಒಳ್ಳೆಯ ಅವಕಾಶವಿತ್ತು, ಕಳೆದುಕೊಂಡರು.

ಅಮೆರಿಕದ ಸೆನೆಟರಿಗೆ ಪತ್ರ ಬರೆಯುವ ಅಧಿಕಾರ ನಮಗಿಲ್ಲ. ಅದನ್ನು ಅಲ್ಲಿರುವ ಮಕ್ಕಳು ಬರೆಯಲಿ. ನಮ್ಮ ಸಂಸದರಿಗೆ ಬರೆಯುವ ಹಕ್ಕು ನಮಗಿದೆ. ಹತ್ತು ವರ್ಷ ಕಾನೂನುಬದ್ಧವಾಗಿ ದುಡಿದು ತೆರಿಗೆ ಕಟ್ಟಿದ ವಿದೇಶಿಗೆ ಭಾರತದಲ್ಲಿ ಕಾಯಂ ವಾಸದ ಹಕ್ಕು ಕೊಡಿ ಎಂದು ಕೇಳೋಣ. ಬೆಂಗಳೂರಿನ ಮಸೂದೆ ಮತ್ತೆ ತಲೆ ಎತ್ತಿದರೆ ಅದರಲ್ಲೂ ಹೊರಗೆ ಹುಟ್ಟಿದವರಿಗೆ ಇಂತಿಷ್ಟು ವರ್ಷದ ದಾರಿ ಇಡಿ ಎಂದು ಕೇಳೋಣ. ಹಾಗೆ ಕೇಳಿದ ಮೇಲೆ ಗ್ರೀನ್ ಕಾರ್ಡಿನ ಶೇ. 7ರ ಮಿತಿಯನ್ನು ಅನ್ಯಾಯ ಎನ್ನುವ ನಮ್ಮ ಮಾತಿಗೂ ತೂಕ ಬರುತ್ತದೆ. ಮನವಿಯ ಕರಡನ್ನು ನಾನು ಬರೆದುಕೊಡುತ್ತೇನೆ. ಕಾರ್ಯದರ್ಶಿಗಳು ಅದನ್ನು ಮುಂದಿನ ಸಭೆಯಲ್ಲಿ ಇಡುತ್ತಾರೆ. ಓದಿ, ತಿದ್ದಿ, ಸಹಿ ಹಾಕಿ.